ಓಂ ಪುರಿ: ದುಡಿದ ಕೈಗಳ ಅಭಿನಯ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಅಬ್ಬರವಿಲ್ಲದೆ ಅಭಿನಯಿಸಿದ ಭಾರತೀಯ ನಟರನ್ನು ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರ ಬಹುಪಾಲು ಮಾತುಗಳಿಗೆ ನನ್ನ ಸಮ್ಮತಿಯಿದೆ. ಆದರೆ ಅಷ್ಟು ಉದ್ದದ ಲೇಖನದಲ್ಲಿ ಓಂ ಪುರಿಯವರ ಪಾಲಿಗೆ ಬಂದದ್ದು ಮೂರೇ ವಾಕ್ಯ. ಸಿಡುಬಿನ ಕಲೆಗಳ ಆ ಮುಖವೇ ಅರ್ಧ ಅಭಿನಯ ಮಾಡಿ ಮುಗಿಸುತ್ತಿತ್ತು ಎಂಬುದು ಮೊದಲನೆಯದು, ‘ಅರ್ಧ್ ಸತ್ಯ’ದ ಪೊಲೀಸ್ ಅಧಿಕಾರಿಯ ಪಾತ್ರವನ್ನು ನೆನೆಯುವುದು ಎರಡನೆಯದು, ಆಮೇಲೆ ಅವರು ಹಾಸ್ಯಚಿತ್ರಗಳಲ್ಲಿ ಕಳೆದುಹೋದರು ಎಂಬ ಮರುಕ ಮೂರನೆಯದು. ಎರಡನೆಯದರ ಬಗ್ಗೆ ತಕರಾರಿಲ್ಲ. ಉಳಿದೆರಡನ್ನು ಓದಿ ಸುಮ್ಮನಿರಲು ಆಗದೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಕತ್ತರಿ ಹೇಗೂ ತಮ್ಮ ಕೈಯಲ್ಲೇ ಇದೆ.

ಓಂ ಪುರಿಯವರ ಬಗ್ಗೆ ಬರೆಯುವವರೆಲ್ಲ ಅವರ ಮುಖದಿಂದಲೇ ಶುರುಮಾಡುವುದು ಒಂದು ರೂಢಿಯಾಗಿಬಿಟ್ಟಿದೆ. ಮೇಲುನೋಟಕ್ಕೆ ಅದು ಹೊಗಳಿಕೆ. ಆದರೆ ನಟನೊಬ್ಬ ವರ್ಷಗಟ್ಟಲೆ ದುಡಿದು ಗಳಿಸಿದ್ದನ್ನೆಲ್ಲ ಅವನ ಚರ್ಮದ ಖಾತೆಗೆ ಜಮಾ ಮಾಡುವ ಅನ್ಯಾಯವೂ ಅದರಲ್ಲಿದೆ. ಹಾಗೆ ನೋಡಿದರೆ ಅಂಥ ಮುಖ ನಮ್ಮ ನಡುವೆ ಸಾವಿರಾರು ಮಂದಿಗೆ ಇತ್ತು. ಆ ಕಾಲದ ಹಿಂದಿ ಚಿತ್ರರಂಗ ಅಂಥವರನ್ನು ನಾಯಕನ ಹಿಂದೆ ಗುಂಪಿನಲ್ಲಿ ನಿಲ್ಲಿಸಲೂ ಹಿಂದೆಮುಂದೆ ನೋಡುತ್ತಿತ್ತು. ಅವರ ಚಿತ್ರಗಳನ್ನು ಬಿಡದೆ ನೋಡುತ್ತ ಬಂದವನಾಗಿ ನನಗೆ ತೋರುವುದು ಬೇರೆಯೇ. ಓಂ ಪುರಿಯವರ ಅಭಿನಯವನ್ನು ಹಿಡಿಯಬೇಕಾದರೆ ಮೊದಲು ಅವರ ಕೈಗಳನ್ನು ನೋಡಬೇಕು. ಅವರ ದೊಡ್ಡ ಪಾತ್ರಗಳೆಲ್ಲ ಏನಾದರೊಂದು ಕೆಲಸ ಮಾಡುತ್ತಿರುತ್ತವೆ. ಕಟ್ಟಿಗೆ ಸೀಳುತ್ತವೆ, ಹೊಲ ಉಳುತ್ತವೆ, ರಿಕ್ಷಾ ಎಳೆಯುತ್ತವೆ, ಬಾಗಿಲು ಕಾಯುತ್ತವೆ, ಟ್ಯಾಕ್ಸಿ ಓಡಿಸುತ್ತವೆ. ಅವರ ಮೌನವನ್ನು ಎಲ್ಲರೂ ಮೆಚ್ಚುತ್ತಾರೆ, ಆದರೆ ಅದು ಧ್ಯಾನಕ್ಕೆ ಕುಳಿತವನ ಮೌನವಲ್ಲ. ಕೈ ತುಂಬ ಕೆಲಸವಿದ್ದು ಮಾತಿಗೆ ಪುರುಸೊತ್ತಿಲ್ಲದವನ ಮೌನ, ಮಾತಾಡಿದರೂ ಕೇಳುವವರಿಲ್ಲವೆಂದು ಬಲ್ಲವನ ಮೌನ.

ಸತ್ಯಜಿತ್ ರಾಯ್ ಅವರು 1981ರಲ್ಲಿ ದೂರದರ್ಶನಕ್ಕಾಗಿ ಮಾಡಿದ ‘ಸದ್ಗತಿ’ಯನ್ನೇ ತೆಗೆದುಕೊಳ್ಳಿ. ಒಂದು ಗಂಟೆಗೂ ಕಡಿಮೆ ಅವಧಿಯ ಚಿತ್ರ, ಪ್ರೇಮಚಂದರ ಕಥೆ. ಚರ್ಮದ ಕೆಲಸ ಮಾಡುವ ಜಾತಿಯ ದುಖಿ, ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಇಟ್ಟುಕೊಡಿ ಎಂದು ಕೇಳಲು ಪುರೋಹಿತರ ಮನೆಗೆ ಹೋಗುತ್ತಾನೆ. ಜ್ವರ ಬಿಟ್ಟು ಎದ್ದಿರುವ ಮೈ, ಹೊಟ್ಟೆಯಲ್ಲಿ ಅನ್ನವಿಲ್ಲ. ಪುರೋಹಿತರು ಬಿಟ್ಟಿ ಕೆಲಸಗಳನ್ನು ಒಂದರ ಮೇಲೊಂದರಂತೆ ಹೇರುತ್ತಾರೆ: ಅಂಗಳ ಗುಡಿಸು, ಹೊಟ್ಟು ಹೊತ್ತು ಹಾಕು, ಆಮೇಲೆ ಅಗೋ ಆ ಕೊರಡನ್ನು ಸೀಳು. ಕೊರಡೆಂದರೆ ಗಂಟುಗಂಟಾದ ದೈತ್ಯ ಬೊಡ್ಡೆ. ಕೊಡಲಿಯ ಬಾಯಿ ಮೊಂಡು.

ಇಲ್ಲಿ ಓಂ ಪುರಿಯವರು ಮಾಡುವುದನ್ನು ಒಂದೊಂದು ಏಟಾಗಿ ಗಮನಿಸಬೇಕು. ಮೊದಲ ಏಟುಗಳಲ್ಲಿ ಕೆಲಸಗಾರನ ಅಳತೆಯಿದೆ. ಎಲ್ಲಿ ಬಿರುಕು ಬಿಟ್ಟೀತು ಎಂದು ಕಣ್ಣು ಹುಡುಕುತ್ತದೆ, ಕಾಲು ಸರಿಯಾದ ಜಾಗ ಹುಡುಕಿ ಊರುತ್ತದೆ. ಕೊರಡು ಜಗ್ಗುವುದಿಲ್ಲ. ಅಂಗೈಗೆ ಉಸಿರೂದಿಕೊಂಡು ಮತ್ತೆ ಎತ್ತುತ್ತಾನೆ. ನಡುನಡುವೆ ಕೂತು ಬೆವರೊರೆಸುವಾಗ ಮುಖದಲ್ಲಿ ಕೋಪವಿಲ್ಲ, ದೈನ್ಯವೂ ಇಲ್ಲ. ಇದು ಇವತ್ತು ಮುಗಿಯುವ ಕೆಲಸವಲ್ಲ ಎಂಬ ಬರೀ ಲೆಕ್ಕಾಚಾರವಿದೆ. ದಣಿದು ಒರಗಿದವನನ್ನು ಪುರೋಹಿತರು ಬಂದು ಗದರಿಸಿ ಎಬ್ಬಿಸಿದ ಮೇಲೆ ಶುರುವಾಗುವ ಏಟುಗಳೇ ಬೇರೆ. ಆಗ ಕೊಡಲಿ ಅಳತೆ ತಪ್ಪುತ್ತದೆ, ಉಸಿರು ಕೊಡಲಿಗಿಂತ ಮುಂದೆ ಓಡುತ್ತದೆ, ಎದುರಿಗಿರುವುದು ಮರವೆಂಬುದೇ ಅವನಿಗೆ ಮರೆತುಹೋದಂತೆ ಕಾಣುತ್ತದೆ. ಯಾರ ಮೇಲೆ ಬೀಳಬೇಕಾದ ಏಟು ಯಾವುದರ ಮೇಲೆ ಬೀಳುತ್ತಿದೆ ಎಂಬುದನ್ನು ಹೇಳುವ ಒಂದು ಮಾತೂ ಚಿತ್ರದಲ್ಲಿಲ್ಲ, ಬೇಕಾಗಿಯೂ ಇಲ್ಲ. ಅವನು ಅಲ್ಲೇ ಬಿದ್ದು ಸಾಯುತ್ತಾನೆ. ಪುರೋಹಿತನಾದ ಮೋಹನ್ ಅಗಾಶೆಯವರು ಹೆಣದ ಕಾಲಿಗೆ ಹಗ್ಗ ಬಿಗಿದು, ಮೈ ಮುಟ್ಟದಂತೆ ಎಳೆದೊಯ್ಯುವ ದೃಶ್ಯ ಆಮೇಲಿನದು. ಅದನ್ನು ನೋಡಿದವರು ಮರೆಯಲಾರರು, ನಿಜ. ಆದರೆ ಆ ಎಳೆತ ಎದೆಗೆ ನಾಟುವುದು ಆ ಮೈ ಅಷ್ಟು ಹೊತ್ತು ದುಡಿದದ್ದನ್ನು ನಾವು ಕಣ್ಣಾರೆ ಕಂಡಿರುವುದರಿಂದ. ಮುಖ ಇಲ್ಲಿ ಎಷ್ಟು ಕೆಲಸ ಮಾಡಿತು, ಹೇಳಿ?

ಭರತಮುನಿ ಅಭಿನಯವನ್ನು ಆಂಗಿಕ (ಮೈಯಿಂದ), ವಾಚಿಕ (ಮಾತಿನಿಂದ), ಆಹಾರ್ಯ (ವೇಷದಿಂದ), ಸಾತ್ವಿಕ (ಒಳಗಿನ ಭಾವದಿಂದ) ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದು ನಮಗೆಲ್ಲ ಗೊತ್ತು. ಸಿನಿಮಾ ವಿಮರ್ಶೆಯಲ್ಲಿ ಕಡಿಮೆ ಮಾತಿನ ನಟರನ್ನೆಲ್ಲ ಸಾತ್ವಿಕದ ಸಾಲಿನಲ್ಲಿ ಕೂರಿಸಿ ಕೈತೊಳೆದುಕೊಳ್ಳುವುದುಂಟು. ಓಂ ಪುರಿಯವರದು ಆಂಗಿಕದ ದಾರಿಯಲ್ಲೇ ನಡೆದು ಸಾತ್ವಿಕವನ್ನು ಮುಟ್ಟಿದ ಅಭಿನಯ ಎಂದು ನನ್ನ ಅನಿಸಿಕೆ. ಪಂಡಿತರು ಒಪ್ಪದಿದ್ದರೆ ಬೇಸರವಿಲ್ಲ.

ಈ ಕೈಗಳು ಎಲ್ಲಿಂದ ಬಂದವು ಎಂಬುದಕ್ಕೆ ಅವರ ಬಾಲ್ಯವೇ ಉತ್ತರ. ಹುಟ್ಟಿದ್ದು ಅಂಬಾಲದಲ್ಲಿ, 1950ರಲ್ಲಿ. ದಿನಾಂಕ ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ದಸರೆಯ ಆಸುಪಾಸು ಎಂದು ತಾಯಿ ಹೇಳುತ್ತಿದ್ದ ನೆನಪನ್ನು ಹಿಡಿದು ಅವರೇ ಅಕ್ಟೋಬರ್ 18 ಎಂದು ಗೊತ್ತುಮಾಡಿಕೊಂಡರು. ಆರೇಳು ವಯಸ್ಸಿಗೇ ಚಹಾ ಅಂಗಡಿಯಲ್ಲಿ ಲೋಟ ತೊಳೆದವರು, ರೈಲುಹಳಿಯ ಪಕ್ಕ ಬಿದ್ದ ಕಲ್ಲಿದ್ದಲು ಆಯ್ದವರು. ಮುಂದೆ ಪಟಿಯಾಲದ ಕಾಲೇಜೊಂದರಲ್ಲಿ ಪ್ರಯೋಗಾಲಯದ ಸಹಾಯಕರಾಗಿದ್ದುಕೊಂಡು ನಾಟಕದ ಗೀಳು ಹಚ್ಚಿಕೊಂಡರು. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಇಬ್ರಾಹಿಂ ಅಲ್ಕಾಜಿಯವರ ಕೈಕೆಳಗೆ ಕಲಿತರು. ನಾಸಿರುದ್ದೀನ್ ಶಾ ಅದೇ ತರಗತಿಯ ಸಹಪಾಠಿ. ಆಮೇಲೆ ಪುಣೆಯ ಚಲನಚಿತ್ರ ಸಂಸ್ಥೆ. ಇಂಗ್ಲಿಷ್ ಬಾರದ ಸಂಕೋಚವನ್ನು ನಾಟಕ ಶಾಲೆಯ ದಿನಗಳಲ್ಲಿ ನುಂಗಿಕೊಂಡಿದ್ದ ಹುಡುಗ, ಇಪ್ಪತ್ತೈದು ವರ್ಷಗಳ ತರುವಾಯ ಇಂಗ್ಲಿಷ್ ಚಿತ್ರದ ನಾಯಕನಾಗಿ ಬ್ರಿಟನ್ನಿನ ಬಾಫ್ಟಾ ಚಲನಚಿತ್ರ ಪ್ರಶಸ್ತಿಯ ಅತ್ಯುತ್ತಮ ನಟರ ನಾಮನಿರ್ದೇಶನದ ಪಟ್ಟಿಗೆ ಸೇರಿದ್ದನ್ನು ಇಲ್ಲಿಯೇ ಹೇಳಿ ಮುಂದೆ ಹೋಗುತ್ತೇನೆ. ಬಡತನವೇ ನಟನನ್ನು ಮಾಡಿತು ಎಂಬ ಕಥೆ ಕಟ್ಟಲು ನನಗೆ ಇಷ್ಟವಿಲ್ಲ. ಲೋಟ ತೊಳೆದ ಹುಡುಗರೆಲ್ಲ ಓಂ ಪುರಿ ಆಗಲಿಲ್ಲ. ಕೆಲಸ ಮಾಡುವ ಮೈ ಹೇಗಿರುತ್ತದೆ ಎಂಬುದನ್ನು ಅವರು ಯಾರಿಂದಲೂ ಹೇಳಿಸಿಕೊಂಡು ಕಲಿಯಬೇಕಾಗಿರಲಿಲ್ಲ ಎಂಬಷ್ಟೇ ನನ್ನ ಮಾತು.

ತಮ್ಮ ಲೇಖನದಲ್ಲಿ ಹೆಸರೇ ಬಾರದ ‘ಆಕ್ರೋಶ್’ ಕುರಿತು ಎರಡು ಮಾತು ಹೇಳಲೇಬೇಕು. ಗೋವಿಂದ ನಿಹಲಾನಿಯವರು ನಿರ್ದೇಶಕರಾಗಿ ಮಾಡಿದ ಮೊದಲ ಚಿತ್ರ ಅದು, 1980ರದು. ಚಿತ್ರಕಥೆ ವಿಜಯ ತೆಂಡೂಲ್ಕರ್ ಅವರದು. ಲಹಾನ್ಯಾ ಭಿಕು ಎಂಬ ಆದಿವಾಸಿ, ಹೆಂಡತಿಯನ್ನು ಕೊಂದ ಆರೋಪ ಹೊತ್ತು ಜೈಲಿನಲ್ಲಿದ್ದಾನೆ. ಅವನ ಪರವಾಗಿ ವಾದಿಸಲು ಸರ್ಕಾರ ನೇಮಿಸಿದ ವಕೀಲ ನಾಸಿರುದ್ದೀನ್ ಶಾ. ವಕೀಲ ಕೇಳುತ್ತಾನೆ, ಬೇಡುತ್ತಾನೆ, ರೇಗುತ್ತಾನೆ. ಕಕ್ಷಿದಾರ ಬಾಯಿ ತೆರೆಯುವುದಿಲ್ಲ. ಇಂಥ ಪಾತ್ರ ಸಿಕ್ಕರೆ ಸಾಧಾರಣ ನಟ ಏನು ಮಾಡುತ್ತಾನೆಂಬುದನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಬಾಯಿ ಮುಚ್ಚಿಕೊಂಡು ಕಣ್ಣಿನಲ್ಲಿ ಭಾಷಣ ಮಾಡುತ್ತಾನೆ. ದವಡೆ ಬಿಗಿಯುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ, ‘ನೋಡಿ, ನನ್ನೊಳಗೆ ಎಷ್ಟು ಬೆಂಕಿಯಿದೆ’ ಎಂದು ಪ್ರೇಕ್ಷಕರಿಗೆ ಗುಟ್ಟಾಗಿ ತಿಳಿಸುತ್ತಿರುತ್ತಾನೆ. ಓಂ ಪುರಿಯವರು ಅಷ್ಟನ್ನೂ ಕೊಡುವುದಿಲ್ಲ. ವಕೀಲನ ಮಾತು ತನ್ನ ಕಿವಿಗೆ ಬಿದ್ದಿದೆ, ಅದರಿಂದ ಏನೂ ಆಗದು ಎಂಬುದೂ ತನಗೆ ಗೊತ್ತಿದೆ ಎಂಬಷ್ಟನ್ನು ಮಾತ್ರ ಕೊಡುತ್ತಾರೆ. ಸತ್ಯ ಹೇಳಿದರೆ ಹೊರಗಿರುವ ತನ್ನವರ ಗತಿ ಏನೆಂಬ ಭಯ ಆ ಮೌನದ ಬುಡದಲ್ಲಿದೆ ಎಂಬುದು ನಮಗೆ ತಿಳಿಯುವುದು ತೀರ ತಡವಾಗಿ.

ಕೊನೆಗೆ ಅಪ್ಪ ಸತ್ತಾಗ ಅಂತ್ಯಕ್ರಿಯೆಗೆಂದು ಪೊಲೀಸರು ಅವನನ್ನು ಕರೆತರುತ್ತಾರೆ. ಚಿತೆಯ ಬಳಿ ನಿಂತ ತಂಗಿಯನ್ನು ಬಲಾಢ್ಯರ ಕಡೆಯವರು ನೋಡುವ ನೋಟ ಅವನ ಕಣ್ಣಿಗೆ ಬೀಳುತ್ತದೆ. ಮರುಗಳಿಗೆ ಅವನ ಕೈಗೆ ಕೊಡಲಿ ಬಂದಿರುತ್ತದೆ, ತಂಗಿಯೇ ನೆಲಕ್ಕುರುಳಿರುತ್ತಾಳೆ. ಹೆಂಡತಿಗಾದದ್ದು ಇವಳಿಗಾಗದಿರಲಿ ಎಂದು. ಆಮೇಲೆ ಆಕಾಶಕ್ಕೆ ಮುಖವೆತ್ತಿ ಅವನು ಕೂಗುವ ಆ ಕೂಗು! ಅದುವರೆಗೆ ಕೂಡಿಟ್ಟದ್ದೆಲ್ಲ ಒಂದೇ ಸಲಕ್ಕೆ ಹೊರಬಿತ್ತು ಎಂದು ವಿಮರ್ಶಕರು ಬರೆದರು. ನನಗೆ ಆ ಕೂಗಿಗಿಂತ ಅದರ ಹಿಂದಿನ ಕ್ಷಣವೇ ಹೆಚ್ಚು ಕಾಡುತ್ತದೆ. ಕೊಡಲಿ ಎತ್ತುವ ಮುನ್ನ ಅವನ ಮುಖದಲ್ಲಿ ಯಾವ ಸಿದ್ಧತೆಯೂ ಕಾಣುವುದಿಲ್ಲ. ನಿರ್ಧಾರ ನೇರವಾಗಿ ಕೈಗೆ ಇಳಿದಿರುತ್ತದೆ. ಈ ಪಾತ್ರಕ್ಕೆ ಅವರಿಗೆ ಫಿಲಂಫೇರ್ ಕೊಟ್ಟದ್ದು ಪೋಷಕ ನಟ ಪ್ರಶಸ್ತಿ. ಪೋಷಕ ಎಂಬುದು ನಮ್ಮ ಭಾಷೆಯಲ್ಲಿ ದೊಡ್ಡ ಮಾತು; ಸಲಹುವವನು, ಸಾಕುವವನು ಎಂದರ್ಥ. ಚಿತ್ರರಂಗದಲ್ಲಿ ಅದನ್ನು ಎರಡನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರುವವನು ಎಂಬ ಅರ್ಥಕ್ಕೆ ಇಳಿಸಿಬಿಟ್ಟಿದ್ದೇವೆ. ‘ಆಕ್ರೋಶ್’ ಚಿತ್ರವನ್ನು ಸಲಹಿದವರು ಯಾರು ಎಂಬ ಅರ್ಥದಲ್ಲಾದರೆ ಆ ಪ್ರಶಸ್ತಿ ಸರಿಯಾಗಿಯೇ ಇತ್ತು.

ಶ್ಯಾಮ್ ಬೆನಗಲ್ ಅವರ ‘ಆರೋಹಣ್’ನಲ್ಲಿ ಬಂಗಾಳದ ಬಡ ರೈತ ಹರಿ ಮಂಡಲ್ ಆಗಿ, ಮರುವರ್ಷ ನಿಹಲಾನಿಯವರ ‘ಅರ್ಧ್ ಸತ್ಯ’ದಲ್ಲಿ ಸಬ್ ಇನ್ಸ್‌ಪೆಕ್ಟರ್ ಅನಂತ ವೆಲಣಕರ್ ಆಗಿ ಅವರು 1982 ಮತ್ತು 1983ನೇ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿಗಳನ್ನು ಬೆನ್ನುಬೆನ್ನಿಗೆ ಪಡೆದರು. ‘ಅರ್ಧ್ ಸತ್ಯ’ದ ಬಗ್ಗೆ ತಮ್ಮ ಲೇಖಕರು ಬರೆದಿರುವುದರಿಂದ ನಾನು ಒಂದೇ ದೃಶ್ಯಕ್ಕೆ ನಿಲ್ಲುತ್ತೇನೆ. ಸ್ಮಿತಾ ಪಾಟೀಲರ ಎದುರು ಕುಳಿತು ವೆಲಣಕರ್ ಕವಿತೆಯೊಂದನ್ನು ಗಟ್ಟಿಯಾಗಿ ಓದುತ್ತಾನೆ. ದಿಲೀಪ್ ಚಿತ್ರೆಯವರ ಆ ಕವಿತೆ ಚಕ್ರವ್ಯೂಹದೊಳಗೆ ಹೊಕ್ಕವನ ಬಗೆಗಿನದು. ಶುರುವಿಗೆ ಅವನದು ಕವಿತೆಗಿವಿತೆ ತನಗೆ ಸಂಬಂಧಿಸಿದ್ದಲ್ಲ ಎಂಬ ಪೊಲೀಸಿನವನ ಹಗುರ ಧಾಟಿ. ನಾಲ್ಕು ಸಾಲು ದಾಟುವಷ್ಟರಲ್ಲಿ ಓದುವ ವೇಗ ತಾನಾಗಿ ಇಳಿಯುತ್ತದೆ. ಇದು ತನ್ನ ಕಥೆಯೇ ಎಂಬ ಅರಿವು ಎಲ್ಲಿ ಮೂಡಿತೆಂದು ಬೆರಳಿಟ್ಟು ತೋರಿಸಲಾಗದು, ಆದರೆ ಮೂಡಿದ್ದಂತೂ ನಮಗೆ ಗೊತ್ತಾಗಿರುತ್ತದೆ. ಧ್ವನಿಯ ಮೇಲೆ ಅಂಥ ಹಿಡಿತವಿದ್ದ ನಟರು ಹಿಂದಿಯಲ್ಲಿ ಹೆಚ್ಚು ಮಂದಿ ಇರಲಿಲ್ಲ. ದೂರದರ್ಶನದ ‘ಭಾರತ್ ಏಕ್ ಖೋಜ್’ ಸರಣಿಯಲ್ಲಿ ಅಶೋಕನಾಗಿ, ಔರಂಗಜೇಬನಾಗಿ ಕಂಡ ಅವರನ್ನು ಆ ಸರಣಿಯ ನಿರೂಪಣೆಯ ಕಂಠವಾಗಿಯೂ ಒಂದಿಡೀ ತಲೆಮಾರು ಭಾನುವಾರದ ಬೆಳಗಿನಲ್ಲಿ ಕೇಳಿಸಿಕೊಂಡಿದೆ.

ಅದೇ 1983ರಲ್ಲಿ ಬಿಡುಗಡೆಯಾದ ಇನ್ನೊಂದು ಚಿತ್ರ ಕುಂದನ್ ಶಾ ಅವರ ‘ಜಾನೇ ಭೀ ದೋ ಯಾರೋ’. ಕುಡಿದು ಕಾರು ಓಡಿಸಿಕೊಂಡು ಬರುವ ಅಹುಜಾ ಎಂಬ ಕಂಟ್ರಾಕ್ಟರ್, ದಾರಿಯಲ್ಲಿ ಶವಪೆಟ್ಟಿಗೆಯೊಳಗಿರುವ ಹೆಣವನ್ನು ಕಂಡು, ಯಾರೋ ಪಾಪ ಸ್ಪೋರ್ಟ್ಸ್ ಕಾರು ಕೆಟ್ಟು ನಿಂತಿದ್ದಾರೆಂದು ತಿಳಿಯುತ್ತಾನೆ. ಹೆಣಕ್ಕೆ ಧೈರ್ಯ ಹೇಳುತ್ತಾನೆ, ತನ್ನ ಕಾರಿಗೆ ಕಟ್ಟಿ ಎಳೆದೊಯ್ಯುವ ಉಪಕಾರಕ್ಕೂ ಇಳಿಯುತ್ತಾನೆ. ಹಾಸ್ಯಚಿತ್ರಗಳಲ್ಲಿ ‘ಕಳೆದುಹೋದರು’ ಎಂಬ ಮಾತಿಗೆ ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ವೆಲಣಕರ್‌ಗೂ ಅಹುಜಾನಿಗೂ ಬೇಕಾದ ಸಾಮಗ್ರಿ ಒಂದೇ; ಕೈಗೆತ್ತಿಕೊಂಡ ಕೆಲಸವನ್ನು ಪೂರ್ತಿ ಗಂಭೀರವಾಗಿ ಮಾಡುವುದು. ಅಹುಜಾ ನಗಿಸುವುದು ಅವನು ನಗಿಸಲು ಯತ್ನಿಸದೆ ಇರುವುದರಿಂದ. ಕೆಟ್ಟುನಿಂತ ಕಾರಿನವನಿಗೆ ನೆರವಾಗುವ ಕುಡುಕನ ಶ್ರದ್ಧೆ ಎಷ್ಟು ಅಪ್ಪಟವೆಂದರೆ, ಹೆಣ ಮರುಮಾತಾಡದಿರುವುದೇ ನಮಗೆ ಅವಿನಯವಾಗಿ ತೋರುತ್ತದೆ.

ನಿಜ, ಮುಂದೆ ಅವರು ಒಪ್ಪಿಕೊಂಡ ಹಾಸ್ಯಚಿತ್ರಗಳೆಲ್ಲ ಆ ಮಟ್ಟದವಾಗಿರಲಿಲ್ಲ. ಕೆಲವನ್ನು ನೋಡಿ ನನಗೂ ಸಂಕಟವಾಗಿದೆ. ಒಂದೆರಡರಲ್ಲಿ ಅವರು ಮನಸ್ಸಿಲ್ಲದೆ ನಿಂತಿದ್ದಾರೆಂಬುದು ಎದ್ದು ಕಾಣುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಮರುಕ ಪಡುವವರು ಒಂದು ಲೆಕ್ಕವನ್ನೂ ನೋಡಬೇಕು. ನಾವು ಕಲಾತ್ಮಕ ಚಿತ್ರಗಳೆಂದು ಕರೆದವು ಸಣ್ಣ ಬಜೆಟ್ಟಿನಲ್ಲಿ, ಸರ್ಕಾರದ ಅಥವಾ ಯಾರಾದರೂ ಆಸಕ್ತರ ನೆರವಿನಲ್ಲಿ ಆದವು. ನಟರಿಗೆ ಅವು ಹೆಸರು ತಂದುಕೊಟ್ಟವು, ಮನೆ ನಡೆಸಿಕೊಡಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ಹಣದ ಒರತೆಯೂ ಬತ್ತಿತು, ಆ ಚಿತ್ರಗಳಿಗೆ ಚಿತ್ರಮಂದಿರಗಳೂ ಸಿಗದಾದವು. ನಾಯಕನ ಮುಖವಿಲ್ಲದ, ನಲವತ್ತು ದಾಟಿದ ನಟನ ಎದುರು ಆಗ ಇದ್ದ ದಾರಿಗಳೆಷ್ಟು? ನಾವು ಅಂಥ ಚಿತ್ರಗಳಿಗೆ ಟಿಕೆಟ್ ಕೊಂಡು ಹೋಗಲಿಲ್ಲ, ದೂರದರ್ಶನದಲ್ಲಿ ಬಂದಾಗ ಪುಕ್ಕಟೆಯಾಗಿ ನೋಡಿ ಹೊಗಳಿದೆವು. ಆಮೇಲೆ ಆ ನಟ ಬೇರೆ ಕಡೆ ಸಂಬಳಕ್ಕೆ ದುಡಿದಾಗ ಕಳೆದುಹೋದ ಎಂದೆವು. ಈ ಪಟ್ಟಿಯಲ್ಲಿ ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ದೂರದರ್ಶನದ ಮಾತು ಬಂದಾಗ ‘ತಮಸ್’ ಬಿಟ್ಟು ಮುಂದೆ ಹೋಗಲಾಗದು. ಭೀಷ್ಮ ಸಾಹ್ನಿಯವರ ದೇಶವಿಭಜನೆಯ ಕಾದಂಬರಿಯನ್ನು ನಿಹಲಾನಿಯವರು ತೆರೆಗೆ ತಂದದ್ದು 1988ರಲ್ಲಿ ಪ್ರಸಾರವಾಯಿತು. ನಿಲ್ಲಿಸಬೇಕೆಂದು ಕೋರಿದ ಅರ್ಜಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಅಲ್ಲಿ ತಿರಸ್ಕೃತವಾಯಿತು. ಆರಂಭದ ದೃಶ್ಯವನ್ನು ಆಗ ಕಂಡವರಿಗೆ ನೆನಪಿಸಬೇಕಾಗಿಲ್ಲ. ರಾತ್ರಿ, ಇಕ್ಕಟ್ಟಾದ ಕೊಟ್ಟಿಗೆ, ಮಂಕು ದೀಪ, ಒಂದು ಹಂದಿ, ಕೈಯಲ್ಲಿ ಚೂರಿ ಹಿಡಿದ ನತ್ಥು. ಹಂದಿ ಕೊಲ್ಲುವುದು ಅವನ ಕಸುಬಲ್ಲ. ಹಣ ಕೊಟ್ಟವನು ಹೇಳಿದ್ದಾನೆ, ಮಾಡಬೇಕು. ಹಂದಿ ತಪ್ಪಿಸಿಕೊಳ್ಳುತ್ತದೆ, ಅವನು ಬೆನ್ನುಹತ್ತುತ್ತಾನೆ, ಸುಸ್ತಾಗಿ ಕೂರುತ್ತಾನೆ, ಮತ್ತೆ ಏಳುತ್ತಾನೆ. ಬೆಳಗಾದರೆ ಆ ಹಂದಿಯ ಹೆಣ ಮಸೀದಿಯ ಮೆಟ್ಟಿಲ ಮೇಲೆ ಸಿಕ್ಕಿತೆಂಬ ಸುದ್ದಿ, ಊರಿಗೆ ಬೆಂಕಿ. ತಾನು ಮಾಡಿದ ಕೆಲಸದಿಂದ ಏನಾಯಿತೆಂದು ಗೊತ್ತಾದ ಮೇಲೆ ನತ್ಥು ಅದನ್ನು ಯಾರಿಗೂ ಹೇಳಲಾರ. ಮುದಿ ತಾಯಿಯನ್ನು ಬೆನ್ನ ಮೇಲೆ ಹೊತ್ತು ಗಲಭೆಯ ಊರನ್ನು ಬಿಟ್ಟು ಹೊರಡುವಾಗ, ಅವನು ಹೊತ್ತದ್ದು ತಾಯಿಯನ್ನೊಬ್ಬಳನ್ನೇ ಅಲ್ಲ ಎಂಬುದು ಆ ಬಾಗಿದ ಬೆನ್ನಿನಲ್ಲೇ ಕಾಣುತ್ತಿತ್ತು. ಪ್ರತಿ ಕಂತು ಮುಗಿದ ಮೇಲೂ ನಮ್ಮ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಟಿ.ವಿ. ಆರಿಸಲು ಏಳುತ್ತಿರಲಿಲ್ಲ.

ಸಣ್ಣ ಪಾತ್ರಗಳಲ್ಲಿ ಅವರು ಮಾಡಿದ್ದಕ್ಕೆ ಒಂದೆರಡೇ ಉದಾಹರಣೆ ಸಾಕು. ರಿಚರ್ಡ್ ಆಟನ್‌ಬರೋ ಅವರ ‘ಗಾಂಧಿ’ಯಲ್ಲಿ ಓಂ ಪುರಿಯವರಿಗೆ ಇರುವುದು ಒಂದೇ ದೃಶ್ಯ. ಕಲ್ಕತ್ತೆಯಲ್ಲಿ ಉಪವಾಸ ಮಲಗಿರುವ ಗಾಂಧಿಯ ಮೇಲೆ ರೊಟ್ಟಿ ಎಸೆದು, ತಿನ್ನಿ, ನಿಮ್ಮ ಸಾವಿನ ಪಾಪವೂ ನನಗೆ ಬೇಡ ಎನ್ನುವ ಹಿಂದೂ ಗಲಭೆಕೋರ. ತಾನೊಂದು ಮಗುವನ್ನು ಕೊಂದೆನೆಂದು ಒಪ್ಪಿಕೊಳ್ಳುತ್ತಾನೆ. ಗಲಭೆಯಲ್ಲಿ ಕೊಲೆಯಾದ ತನ್ನ ಸ್ವಂತ ಮಗ ಎಷ್ಟೆತ್ತರವಿದ್ದನೆಂದು ಕೈಯಿಂದಲೇ ತೋರಿಸುತ್ತಾನೆ. ಮೂರು ಗಂಟೆ ಮೀರಿದ ಚಿತ್ರದಲ್ಲಿ ಅವರು ನಿಂತದ್ದು ಕೆಲವೇ ನಿಮಿಷ. ಕೇತನ್ ಮೆಹ್ತಾ ಅವರ ‘ಮಿರ್ಚ್ ಮಸಾಲಾ’ದ ಅಬು ಮಿಯಾನದು ಸ್ವಲ್ಪ ದೊಡ್ಡ ಪಾತ್ರ, ಮೆಣಸಿನಪುಡಿ ಕಾರ್ಖಾನೆಯ ಮುದಿ ಕಾವಲುಗಾರ, ಸುಬೇದಾರನಿಂದ ತಪ್ಪಿಸಿಕೊಂಡು ಓಡಿಬಂದ ಹೆಂಗಸನ್ನು ಒಳಗೆ ಬಿಟ್ಟು ಅಗುಳಿ ಹಾಕಿದವನು ಊರಿಗೂರೇ ಬಂದು ಹೇಳಿದರೂ ತೆಗೆಯುವುದಿಲ್ಲ. ಅವನಲ್ಲಿ ವೀರಾವೇಶವಿಲ್ಲ. ಬಾಗಿಲು ಕಾಯುವುದು ಅವನ ಕೆಲಸ, ಕಾಯುತ್ತಾನೆ, ಕಾಯುತ್ತಲೇ ಗುಂಡೇಟು ತಿಂದು ಸಾಯುತ್ತಾನೆ.

ಹೊರದೇಶದ ಚಿತ್ರಗಳಲ್ಲೂ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ದುಡಿಮೆಗಾರರ ಪಾತ್ರಗಳೇ. 1992ರ ‘ಸಿಟಿ ಆಫ್ ಜಾಯ್’ನಲ್ಲಿ ಕಲ್ಕತ್ತೆಗೆ ವಲಸೆ ಬಂದು ಕೈರಿಕ್ಷಾ ಎಳೆಯುವ ಹಸಾರಿ ಪಾಲ್. 1997ರ ‘ಮೈ ಸನ್ ದಿ ಫೆನಾಟಿಕ್’ನಲ್ಲಿ ಬ್ರಾಡ್‌ಫರ್ಡಿನ ಟ್ಯಾಕ್ಸಿ ಚಾಲಕ ಪರ್ವೇಜ್, ಮಗ ಮತಾಂಧನಾಗುತ್ತ ಹೋದಂತೆ ಅಪ್ಪ ನೆಲಮಾಳಿಗೆಯಲ್ಲಿ ಜಾಸ್ ಕೇಳುತ್ತ ಕೂರುವವನು. 1999ರ ‘ಈಸ್ಟ್ ಈಸ್ ಈಸ್ಟ್’ನಲ್ಲಿ ಸಾಲ್‌ಫರ್ಡಿನ ಜಾರ್ಜ್ ಖಾನ್, ಮೀನು ಮತ್ತು ಚಿಪ್ಸ್ ಅಂಗಡಿಯ ಪಾಕಿಸ್ತಾನಿ ಯಜಮಾನ, ಬಾಫ್ಟಾ ನಾಮನಿರ್ದೇಶನ ತಂದುಕೊಟ್ಟದ್ದು ಇದೇ. ಜಾರ್ಜ್ ಹೆಂಡತಿ ಮಕ್ಕಳ ಮೇಲೆ ಕೈಮಾಡುವ ಮನುಷ್ಯ. ಅವನನ್ನು ಕ್ಷಮಿಸಿಬಿಡಿ ಎಂದು ನಟ ಎಲ್ಲೂ ಅಂಗಲಾಚುವುದಿಲ್ಲ. ಚಹಾ ಬೇಕೇ ಎಂದು ಹೆಂಡತಿ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: ಅರ್ಧ ಕಪ್ ಕುಡಿಯುತ್ತೇನೆ. ಚಿತ್ರದುದ್ದಕ್ಕೂ ನಗೆ ತರಿಸುವ ಈ ಮಾತು, ಮನೆ ಮುರಿದು ಬಿದ್ದ ಮೇಲೆ, ಅಂಗಡಿಯಲ್ಲಿ ಗಂಡಹೆಂಡಿರಿಬ್ಬರೇ ಉಳಿದಾಗ ಇನ್ನೊಮ್ಮೆ ಬರುತ್ತದೆ. ಪದಗಳು ಅವೇ. ಈ ಸಲ ಅದು ಸೋತವನೊಬ್ಬ ಕೇಳಿಕೊಳ್ಳುವ ಕ್ಷಮೆಯಾಗಿರುತ್ತದೆ, ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ. ಬ್ರಿಟನ್ 2004ರಲ್ಲಿ ಅವರಿಗೆ ಓಬಿಇ ಎಂಬ ತನ್ನ ರಾಷ್ಟ್ರೀಯ ಪುರಸ್ಕಾರವನ್ನು ಗೌರವಾರ್ಥವಾಗಿ ನೀಡಿತು. ನಮ್ಮ ಪದ್ಮಶ್ರೀ ಅದಕ್ಕೂ ಮೊದಲೇ, 1990ರಲ್ಲಿ ಬಂದಿತ್ತು.

ಕನ್ನಡ ಓದುಗರು ಅವರನ್ನು ಪರಕೀಯರೆಂದು ಭಾವಿಸಬೇಕಾಗಿಲ್ಲ ಎಂಬುದನ್ನೂ ಲೇಖನ ಹೇಳಬಹುದಿತ್ತು. ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ತಬ್ಬಲಿಯು ನೀನಾದೆ ಮಗನೆ’ಯ ಹಿಂದಿ ರೂಪ ‘ಗೋಧೂಳಿ’ ಅವರ ಆರಂಭದ ಚಿತ್ರಗಳಲ್ಲೊಂದು. ಮುಂದೆ 1999ರ ‘ಎ.ಕೆ. 47’, 2002ರ ‘ಧ್ರುವ’ದಂಥ ಕನ್ನಡದ ಜನಪ್ರಿಯ ಚಿತ್ರಗಳಲ್ಲೂ ಅವರು ನಟಿಸಿದರು. ಅವು ಅವರ ಶ್ರೇಷ್ಠ ಪಾತ್ರಗಳೆಂದು ನಾನು ಹೇಳುತ್ತಿಲ್ಲ. ಆದರೆ ‘ಎ.ಕೆ. 47’ ನೋಡಲು ಹೋದ ಎಷ್ಟೋ ಮಂದಿ ಹುಡುಗರು ಓಂ ಪುರಿ ಎಂಬ ಹೆಸರು ಕೇಳಿದ್ದು ಅಲ್ಲೇ ಮೊದಲು. ಅವರಲ್ಲಿ ನಾಲ್ಕು ಮಂದಿ ಆ ಹೆಸರಿನ ಜಾಡು ಹಿಡಿದು ‘ಆಕ್ರೋಶ್’ವರೆಗೆ ಹೋಗಿದ್ದರೂ ಲಾಭವೇ.

ಓಂ 2017ರ ಜನವರಿ 6ರಂದು ಮುಂಬೈಯ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಅರವತ್ತಾರು ವರ್ಷ. ಹಿಂದಿನ ವರ್ಷವಷ್ಟೇ ‘ಜಂಗಲ್ ಬುಕ್’ನ ಹಿಂದಿ ಅವತರಣಿಕೆಯಲ್ಲಿ ಕರಿಚಿರತೆ ಬಘೀರನಿಗೆ ಕಂಠ ಕೊಟ್ಟಿದ್ದರು, ಅವರು ಯಾರೆಂದು ಗೊತ್ತಿಲ್ಲದ ಮಕ್ಕಳೂ ಆ ದನಿಯನ್ನು ನಂಬಿ ಕಾಡು ಹೊಕ್ಕಿದ್ದವು. ಅವರು ತೀರಿಕೊಂಡ ವರ್ಷದ ಆಸ್ಕರ್ ಸಮಾರಂಭದಲ್ಲಿ ಅಗಲಿದವರನ್ನು ನೆನೆಯುವಾಗ ಅವರ ಚಿತ್ರವನ್ನೂ ತೋರಿಸಿದರು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇಂಥ ನಟರ ಬಗ್ಗೆ ಮುಂದೆ ಬರೆಸುವಾಗ ಹತ್ತು ಹೆಸರುಗಳನ್ನು ಒಂದೇ ಪುಟದಲ್ಲಿ ತುಂಬುವ ಬದಲು, ಒಬ್ಬ ನಟ, ಒಂದು ದೃಶ್ಯ ಎಂಬಂತೆ ಬರೆಸಿ. ಆ ದೃಶ್ಯದಲ್ಲಿ ನಟ ಏನು ಮಾಡಿದ, ಏನನ್ನು ಮಾಡದೆ ಬಿಟ್ಟ ಎಂಬುದನ್ನು ಬಿಡಿಸಿ ಹೇಳುವ ಲೇಖಕರು ಕನ್ನಡದಲ್ಲಿ ಇದ್ದಾರೆ. ಇವತ್ತು ನಮ್ಮದೇ ಚಿತ್ರಗಳಲ್ಲಿ ಅಪ್ಪ, ಮೇಷ್ಟ್ರು, ಪೇದೆ, ಗುಮಾಸ್ತರಾಗಿ ಎರಡು ದೃಶ್ಯಗಳಿಗೆ ಬಂದು ಹೋಗುವವರಲ್ಲೂ ಅಂಥ ಕೆಲಸ ಮಾಡುತ್ತಿರುವವರು ಇದ್ದಾರೆ. ಅವರು ಓದಿ ಸಂತೋಷಪಡುವ ಕಾಲದಲ್ಲೇ ಅದು ಅಚ್ಚಾದರೆ ಒಳ್ಳೆಯದು.

ಸ್ಥಳಾಭಾವವಾದರೆ ಈ ಪತ್ರದಲ್ಲಿ ಪ್ರಶಸ್ತಿಗಳ ವಿವರವನ್ನು ಬಿಟ್ಟುಬಿಡಬಹುದು, ಭರತಮುನಿಯನ್ನೂ ಬಿಡಬಹುದು. ‘ಸದ್ಗತಿ’ಯ ಕಟ್ಟಿಗೆ ಸೀಳುವ ಭಾಗವನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗ